ಅಪ್ಪನ ಎಡಗೈಯ ಲಿಂಗ, ನನ್ನ ಮೊದಲ ಕೆಲಸ

ಎರಡು ವರ್ಷದ ಹಿಂದಿನ ಆಷಾಢ. ಒಂದು ಮಂಗಳವಾರ. ನಮ್ಮ ಮನೆಯಲ್ಲಿ ಎಲ್ಲವೂ ಎಂದಿನಂತೆ ನಡೆದ ಕೊನೆಯ ದಿನ ಅದೇ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಚಿಕ್ಕಲಸಂದ್ರದ ಒಂದು ಅಡ್ಡರಸ್ತೆಯಲ್ಲಿ ನಮ್ಮ ಹಿಟ್ಟಿನ ಗಿರಣಿ ಇದೆ. ಬೋರ್ಡಿನ ಮೇಲೆ ಬೇರೆ ಹೆಸರಿದ್ದರೂ ಸುತ್ತಮುತ್ತಲಿನವರಿಗೆ ಅದು ಮಹದೇವಣ್ಣನ ಮಿಲ್ಲು. ಮಹದೇವಣ್ಣ ನನ್ನ ಅಪ್ಪ. ಬೆಳಿಗ್ಗೆ ಸ್ನಾನವಾದ ಮೇಲೆ ಅಪ್ಪ ಕೊರಳಿನ ಬೆಳ್ಳಿ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡುತ್ತಿದ್ದರು. ಪೂಜೆ ಮುಗಿದರೆ ಅದು ಮತ್ತೆ ಕರಡಿಗೆಗೆ, ಕರಡಿಗೆ ಅಂಗಿಯ ಒಳಗೆ, ಅಪ್ಪ ಮಿಲ್ಲಿಗೆ. ನಮ್ಮಲ್ಲಿ ದೀಕ್ಷೆಯಾದವರ ಮೈಯಿಂದ ಲಿಂಗ ದೂರವಾಗಬಾರದು. ಅಪ್ಪ ಸ್ನಾನಕ್ಕೆ ಹೋದಾಗಲೂ ಅದನ್ನು ತೆಗೆದಿಟ್ಟಿದ್ದನ್ನು ನಾನು ನೋಡಿಲ್ಲ.

ಆ ದಿನ ಮಧ್ಯಾಹ್ನ ನಾನು ಮಿಲ್ಲಿಗೆ ಊಟ ತೆಗೆದುಕೊಂಡು ಹೋದಾಗ ಪಕ್ಕದ ಬೀದಿಯ ಸುಶೀಲಾ ಆಂಟಿ ಜಗಳಕ್ಕೆ ನಿಂತಿದ್ದರು.

"ಏನ್ ಮಹದೇವಣ್ಣ, ಹೋದ್ಸಲ ನನ್ ರಾಗಿ ಜೊತೆ ಯಾರ್ದೋ ಗೋಧಿ ಸೇರ್ಸಿದ್ರಲ್ಲ. ಮುದ್ದೆ ಕಟ್ಟಿದ್ರೆ ಚಪಾತಿ ಥರ ಎಳೆ ಬಂತು."

"ಅದಕ್ಯಾಕಕ್ಕ ಬೈತೀರ? ಒಂದೇ ತಟ್ಟೇಲಿ ಎರಡೂಟ ಆಯ್ತಲ್ಲ," ಎಂದರು ಅಪ್ಪ. ಆಂಟಿ ನಗಲಿಲ್ಲ. ಅಪ್ಪ ಯಂತ್ರದ ಬಾಯಿಗೆ ಕಟ್ಟಿದ ಬಟ್ಟೆಯ ತೋಳಿನಿಂದ ಇಳಿಯುತ್ತಿದ್ದ ಬಿಸಿ ಹಿಟ್ಟನ್ನು ಚಿಟಿಕೆಯಷ್ಟು ಹಿಡಿದು, ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡಿದರು. "ಇವತ್ತು ಬರೀ ರಾಗೀನೆ. ಮುಟ್ಟಿ ನೋಡಿ ಬೇಕಾದ್ರೆ."

ಹಿಟ್ಟು ಸಣ್ಣಗಾಗಿದೆಯೋ, ತರಿಯಾಗಿದೆಯೋ, ಧಾನ್ಯ ಒಣಗಿತ್ತೋ ಇಲ್ಲವೋ, ಎಲ್ಲವನ್ನೂ ಅಪ್ಪ ಆ ಎರಡು ಬೆರಳಲ್ಲಿ ಹೇಳುತ್ತಿದ್ದರು.

ನಾನು ಆಗ ಎಮರ್ಜೆನ್ಸಿ ಟೆಕ್ನಿಷಿಯನ್ ಡಿಪ್ಲೊಮಾ ಮುಗಿಸಿ ಆರು ತಿಂಗಳಾಗಿತ್ತು. ತುರ್ತು ಚಿಕಿತ್ಸೆಯ ವಾರ್ಡಿಗೆ ಬಂದವರ ಇ.ಸಿ.ಜಿ. ತೆಗೆಯುವುದು, ಉಸಿರು ನಾಡಿ ನೋಡುವುದು, ಡಾಕ್ಟರ ಜೊತೆ ನಿಂತು ಕೈಜೋಡಿಸುವುದು ಆ ಕೆಲಸ. ಎರಡು ಇಂಟರ್‌ವ್ಯೂಗಳಲ್ಲಿ ಫೇಲಾಗಿದ್ದೆ. ಮೊದಲನೆಯದರಲ್ಲಿ ಕೈ ನಡುಗಿತು. ಎರಡನೆಯದರಲ್ಲಿ ರೋಗಿಯಂತೆ ಮಲಗಿಸಿದ್ದ ಒಬ್ಬ ಗಟ್ಟಿಮುಟ್ಟಾದ ಮನುಷ್ಯನ ನಾಡಿಯೇ ನನಗೆ ಸಿಗಲಿಲ್ಲ. "ಸಾರ್ ಬದುಕಿದಾರಮ್ಮ, ಸರಿಯಾಗಿ ನೋಡು," ಎಂದು ಅಲ್ಲಿದ್ದವರು ನಕ್ಕಿದ್ದರು. ಮೂರನೆಯದು ಮರುದಿನ ಬುಧವಾರ ಹನ್ನೊಂದು ಗಂಟೆಗೆ, ಜೆ.ಪಿ. ನಗರದ ಒಂದು ಆಸ್ಪತ್ರೆಯಲ್ಲಿತ್ತು.

"ನಾನು ಹೋಗಲ್ಲ ಅಪ್ಪ," ಎಂದೆ. "ಇಲ್ಲೇ ಒಂದು ಕ್ಲಿನಿಕ್ಕಲ್ಲಿ ಬಿಲ್ಲಿಂಗ್‌ಗೆ ಕರೀತಿದಾರೆ. ಕಂಪ್ಯೂಟರ್ ಮುಂದೆ ಕೂತ್ಕೋಬಹುದು."

ಅಪ್ಪ ಊಟದ ಡಬ್ಬಿ ಬಿಚ್ಚುತ್ತಾ, "ನೀನು ಗಾಬರೀಲಿ ಕಣ್ಣಲ್ಲಿ ಹುಡುಕ್ತೀಯ ಶೈಲು. ನಾಡಿ ಕಣ್ಣಿಗೆ ಕಾಣುತ್ತಾ? ಬೆರಳಿಟ್ಟು ಸುಮ್ನಿರು. ಅದೇ ಬಂದು ಬೆರಳಿಗೆ ತಗಲುತ್ತೆ," ಎಂದರು. ಒಂದು ತುತ್ತು ಬಾಯಿಗಿಟ್ಟು, "ನಾಳೆ ಹೋಗಿ ಬಾ. ಸಿಗ್ಲಿಲ್ಲ ಅಂದ್ರೆ ಸುಶೀಲಕ್ಕನ ಜೊತೆ ಜಗಳ ಆಡೋ ಕೆಲಸ ನಿನಗೇ ಕೊಡ್ತೀನಿ," ಎಂದರು.

ಆ ಸಂಜೆ ಅವರು ನನ್ನ ಚೂಡಿದಾರಕ್ಕೆ ತಾವೇ ಇಸ್ತ್ರಿ ಹಾಕಿದರು. ದುಪ್ಪಟ್ಟಾದ ತುದಿಯಲ್ಲಿ ಹಿಟ್ಟಿನ ಬೆರಳಚ್ಚು ಉಳಿಯಿತು. ನಾನು ರೇಗಿದೆ. ಅವರು ಒದ್ದೆ ಬಟ್ಟೆಯಲ್ಲಿ ಒರೆಸಿಕೊಟ್ಟರು. ಆ ದಿನ ಅಷ್ಟೇ.

ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ನಾನು ಮನೆಯಿಂದ ಹೊರಟು, ಹೇಳಿ ಹೋಗೋಣವೆಂದು ಮಿಲ್ಲಿಗೆ ಹೋದೆ. ಯಂತ್ರ ಓಡುತ್ತಿತ್ತು. ಅಪ್ಪ ಮೂಟೆಯ ಮೇಲೆ ಕೂತಿದ್ದರು. ಅಂಗಿ ಬೆನ್ನಿಗೆ ಅಂಟಿತ್ತು. ಅಮ್ಮ ಪಕ್ಕದ ಅಂಗಡಿಯಿಂದ ಸೋಡಾ ತಂದು ಕುಡಿಸುತ್ತಿದ್ದಳು.

"ಗ್ಯಾಸು ಕಣೆ, ರಾತ್ರಿ ಬೋಂಡ ತಿಂದಿದ್ದು," ಎಂದರು ಅಪ್ಪ.

ಅವರ ಬಾಯಿ ಗ್ಯಾಸು ಎನ್ನುತ್ತಿತ್ತು. ಎಡ ತೋಳನ್ನು ಬಲಗೈ ಹಿಸುಕುತ್ತಿತ್ತು. ಎರಡು ವರ್ಷ ಓದಿದ್ದು ವ್ಯರ್ಥವಾಗಿರಲಿಲ್ಲ. ಅದು ಗ್ಯಾಸ್ ಅಲ್ಲ ಎಂದು ನನಗೆ ನೋಡಿದ ತಕ್ಷಣ ಗೊತ್ತಾಯಿತು. ಯಂತ್ರ ನಿಲ್ಲಿಸಿ, ಆಟೊ ನಿಲ್ಲಿಸಿ, ಅಪ್ಪನನ್ನು ನಡುವೆ ಕೂರಿಸಿಕೊಂಡು ಬನಶಂಕರಿ ಕಡೆಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ದೇವೇಗೌಡ ಪೆಟ್ರೋಲ್ ಬಂಕಿನ ಸಿಗ್ನಲ್ಲಿನಲ್ಲಿ ಆಟೊದವರು ಹಾರ್ನ್ ಮೇಲಿಂದ ಕೈ ತೆಗೆಯಲೇ ಇಲ್ಲ. ಅಲ್ಲಿಯವರೆಗೆ ನಾನು ಸರಿಯಾಗಿಯೇ ಇದ್ದೆ.

ತುರ್ತು ವಾರ್ಡಿನಲ್ಲಿ ಅಪ್ಪನನ್ನು ಮಲಗಿಸಿದ ಕೂಡಲೇ ನೀಲಿ ಬಟ್ಟೆಯ ಒಬ್ಬರು ಇ.ಸಿ.ಜಿ. ಯಂತ್ರ ಎಳೆದುಕೊಂಡು ಬಂದರು. ಶರಣಪ್ಪ ಎಂದು ಜೇಬಿನ ಮೇಲೆ ಬರೆದಿತ್ತು. ಮೂವತ್ತರ ಆಸುಪಾಸಿನವರು. ಅಂಗಿಯ ಗುಂಡಿ ಬಿಚ್ಚಿದರೆ ಎದೆಯ ನಡುವೆ ಕರಡಿಗೆ. ಅವರು ಅದಕ್ಕೆ ಕೈ ಹಾಕುವ ಮೊದಲೇ ಅಮ್ಮ ಅವರ ಮಣಿಕಟ್ಟು ಹಿಡಿದುಕೊಂಡಳು.

"ಅದನ್ನ ಮುಟ್ಬೇಡಿ. ಅದೊಂದು ಬಿಟ್ಟು ಏನ್ ಬೇಕಾದ್ರೂ ಮಾಡಿ."

ಅಪ್ಪನೂ ಕಷ್ಟಪಟ್ಟು ತಲೆಯಾಡಿಸಿ, "ಬೇಡ," ಎಂದರು.

ಬೇರೆಯವರಾಗಿದ್ದರೆ ಗದರಿಸುತ್ತಿದ್ದರೋ ಏನೋ. ಅವರು ಅಮ್ಮನ ಕೈ ಬಿಡಿಸಿಕೊಳ್ಳಲಿಲ್ಲ. ಬಗ್ಗಿ ಅಪ್ಪನ ಮುಖ ನೋಡಿ ಹೇಳಿದರು. "ತಗಿಯೂದಿಲ್ರಿ ಅಪ್ಪಾರ. ಎದಿ ಮ್ಯಾಲಿಂದ ಅಂಗೈಗೆ ಬರ್ತೈತಿ, ಅಷ್ಟ. ದಿನಾ ಮುಂಜಾನೆ ಅಲ್ಲೇ ಅಲ್ಲೇನ್ರಿ ಇರೂದು? ನೀವ ಹಿಡಕೋರಿ."

ಅಪ್ಪ ಎಡಗೈ ಬಿಚ್ಚಿದರು. ಅಮ್ಮ ಹಿಡಿತ ಬಿಟ್ಟಳು, ಅವಳನ್ನು ಪರದೆಯಾಚೆ ಕಳಿಸಿದರು. ಶರಣಪ್ಪ ಕರಡಿಗೆ ಕಟ್ಟಿದ್ದ ಶಿವದಾರವನ್ನು ತಲೆಯ ಮೇಲಿಂದ ತೆಗೆದು, ಕರಡಿಗೆಯನ್ನು ಆ ಅಂಗೈಯಲ್ಲಿಟ್ಟು, ಬೆರಳು ಮಡಿಸಿ, ಗಾಯಕ್ಕೆ ಕಟ್ಟುವ ಬಿಳಿ ಬಟ್ಟೆಯನ್ನು ಮುಷ್ಟಿಯ ಮೇಲೆ ಎರಡು ಸುತ್ತು ಸುತ್ತಿದರು. "ಸೂಜಿ ಬಲಗೈಗೆ ಹಾಕ್ರಿ ಸಿಸ್ಟರ್, ಎಡಗೈ ಎಂಗೇಜ್ ಐತಿ," ಎಂದರು. ಇಷ್ಟಕ್ಕೆಲ್ಲ ಹತ್ತು ಸೆಕೆಂಡೂ ಆಗಿರಲಿಕ್ಕಿಲ್ಲ. ಆಮೇಲೆ ಎದೆಗೆ ಸ್ಟಿಕರ್ ಅಂಟಿಸಲು ಹೋದರೆ ಒಂದೂ ಅಂಟಲಿಲ್ಲ. ಬೆವರಿನ ಜೊತೆ ರಾಗಿಹಿಟ್ಟು ಕಲಸಿಕೊಂಡಿತ್ತು. "ಏನ್ರೀ ಅಪ್ಪಾರ, ರೊಟ್ಟಿ ಬಡ್ಯಾಕ ಹೊಂಟಿದ್ರೇನು?" ಎನ್ನುತ್ತಾ ಅವರು ಎದೆಯನ್ನು ಒಣ ಬಟ್ಟೆಯಿಂದ ಒರೆಸಿ ಒರೆಸಿ ಅಂಟಿಸಿದರು. ಅಪ್ಪನ ತುಟಿಯ ಒಂದು ತುದಿ ನಕ್ಕಿತು.

ಅದಾಗಿ ಒಂದು ನಿಮಿಷಕ್ಕೆ ಅಪ್ಪನ ಕಣ್ಣು ಮೇಲಕ್ಕೆ ಹೋಯಿತು. ಮಾನಿಟರಿನ ಗೆರೆ ಹುಚ್ಚು ಹಿಡಿದಂತೆ ಅಡ್ಡಾದಿಡ್ಡಿ ಕುಣಿಯತೊಡಗಿತು. ಆ ಗೆರೆಯ ಚಿತ್ರ ನನ್ನ ಪುಸ್ತಕದಲ್ಲಿತ್ತು. ಪರೀಕ್ಷೆಯಲ್ಲಿ ಅದನ್ನು ಗುರುತಿಸಿ ಅಂಕ ತೆಗೆದಿದ್ದೆ. ಹೃದಯ ಬಡಿಯುವುದನ್ನು ಬಿಟ್ಟು ಬರಿದೇ ನಡುಗುತ್ತಿದೆ ಎಂದು ಅದರ ಅರ್ಥ.

ಶರಣಪ್ಪ ಆಗಲೇ ಎರಡೂ ಕೈ ಜೋಡಿಸಿ ಅಪ್ಪನ ಎದೆ ಒತ್ತುತ್ತಿದ್ದರು. ಡಾಕ್ಟರು ಓಡಿ ಬಂದರು. "ಆಂಬು ಬ್ಯಾಗ್!" ಎಂದು ಯಾರೋ ಕೂಗಿದರು. ಉಸಿರು ಕೊಡುವ ಆ ರಬ್ಬರ್ ಚೀಲ ನನ್ನ ಭುಜದ ಪಕ್ಕದ ಕಪಾಟಿನಲ್ಲೇ ಇತ್ತು. ಕೈ ಚಾಚಿದರೆ ಸಿಗುತ್ತಿತ್ತು. ನನಗೆ ಅದು ಏನು, ಹೇಗೆ ಹಿಡಿಯಬೇಕು, ಎಲ್ಲ ಗೊತ್ತಿತ್ತು. ನನ್ನ ಕೈ ಏಳಲಿಲ್ಲ. ಒಬ್ಬ ನರ್ಸ್ ನನ್ನನ್ನು ಸರಿಸಿ ಅದನ್ನು ಎಳೆದುಕೊಂಡರು.

ಅಷ್ಟರಲ್ಲಿ ಪರದೆಯಾಚೆ ನಿಂತಿದ್ದ ಅಮ್ಮ ಒಳಗೆ ಇಣುಕಿದಳು. ಗಾಬರಿಯಲ್ಲಿ ಅವಳಿಗೆ ಯಂತ್ರ, ಗೆರೆ ಏನೂ ಕಾಣಲಿಲ್ಲ, ಶರಣಪ್ಪ ಹೇಳಿದ್ದೂ ನೆನಪಾಗಲಿಲ್ಲ. ಕಂಡದ್ದು ಎಡಗೈಯಲ್ಲಿ ಲಿಂಗ, ಅದರ ಮೇಲೆ ಬಿಳಿ ಬಟ್ಟೆ. ನಮ್ಮಲ್ಲಿ ಮಣ್ಣು ಮಾಡುವಾಗ ಲಿಂಗವನ್ನು ಎಡ ಅಂಗೈಯಲ್ಲಿಟ್ಟೇ ಕಳಿಸುತ್ತಾರೆ. ಅಮ್ಮ ಎಲ್ಲ ಮುಗಿಯಿತೆಂದುಕೊಂಡು, ನೆಲಕ್ಕೆ ಕುಸಿದು ಕೂಗಿ ಅಳತೊಡಗಿದಳು.

ಶರಣಪ್ಪ ಒತ್ತುವುದನ್ನು ನಿಲ್ಲಿಸಲಿಲ್ಲ. ತಿರುಗಿಯೂ ನೋಡಲಿಲ್ಲ. ಏದುಸಿರಿನ ನಡುವೆ ಒಂದೊಂದೇ ಮಾತು ಹೇಳಿದರು.

"ಅಳಬ್ಯಾಡ್ರಿ ಯವ್ವಾ. ಇನ್ನಾ ಮುಗದಿಲ್ಲ. ಅವರು ಪೂಜಿಗೆ ಹಿಡಕೊಂಡಂಗ ಹಿಡಕೊಂಡಾರ್ರಿ."

ಅಮ್ಮನ ಅಳು ಅಲ್ಲಿಗೇ ನಿಂತಿತು.

ಡಾಕ್ಟರು ಎಲ್ಲರನ್ನೂ ಹಿಂದೆ ಸರಿಯಲು ಹೇಳಿದರು. ಶಾಕ್ ಕೊಟ್ಟರು. ಅಪ್ಪನ ಮೈ ಒಮ್ಮೆ ಎದ್ದು ಬಿತ್ತು. ಶರಣಪ್ಪ ಮತ್ತೆ ಒತ್ತಿದರು. ಸ್ವಲ್ಪ ಹೊತ್ತಿಗೆ ನಿಲ್ಲಿಸಿ ಎಲ್ಲರೂ ಮಾನಿಟರ್ ನೋಡಿದರು. ಕುಣಿಯುತ್ತಿದ್ದ ಗೆರೆ ಒಂದು ಕ್ಷಣ ಮಟ್ಟಸವಾಗಿ ಹೋಯಿತು. ಆಮೇಲೆ ಒಂದು ಉಬ್ಬು. ಬಿಡುವು. ಇನ್ನೊಂದು. ಇನ್ನೊಂದು.

ನಾನು ಅದನ್ನು ಹೇಗೆ ಬರೆಯಲಿ? ನಿಂತಿತ್ತು, ಶುರುವಾಯಿತು. ಆಗಲೇ ಹೋಗಿದ್ದ ಮನುಷ್ಯ ವಾಪಸು ಬಂದಿದ್ದರು. ಮೊದಲು ಅವರ ಎಡಗೈ ಅಲುಗಾಡಿತು. ಬಿಳಿ ಬಟ್ಟೆಯ ಒಳಗೆ ಬೆರಳುಗಳು ಬಿಗಿಯಾದವು. ಕರಡಿಗೆಯ ಆಕಾರ ಬಟ್ಟೆಯ ಮೇಲೆ ಎದ್ದು ಕಂಡಿತು. ಆಮೇಲೆ ಕಣ್ಣು ಬಿಟ್ಟರು. ವಾರ್ಡಿನಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬರು ನೆಲದಲ್ಲಿ ಬಿದ್ದಿದ್ದ ಪ್ಲಾಸ್ಟಿಕ್ ಹೆಕ್ಕಿದರು. ಶರಣಪ್ಪ ಹಣೆ ಒರೆಸಿಕೊಂಡು, ಕುಡಿಯಲು ನೀರು ಎಲ್ಲಿದೆ ಎಂದು ಹುಡುಕಿದರು. ಒಂದು ಜೀವವನ್ನು ಹಿಂದಕ್ಕೆ ಕರೆತಂದವರು ಮರುಕ್ಷಣ ಹೀಗೆ ನೀರಿನ ಬಾಟಲಿ ಹುಡುಕಬಹುದು ಎನ್ನುವುದೇ ನನಗೆ ದೊಡ್ಡ ಆಶ್ಚರ್ಯವಾಗಿತ್ತು.

ಗೋಡೆಯ ಗಡಿಯಾರದಲ್ಲಿ ಆಗ ಹನ್ನೊಂದಾಗಿತ್ತು.

ಅಪ್ಪನನ್ನು ಐ.ಸಿ.ಯು.ಗೆ ಕಳಿಸಿದರು. ಹೃದಯದ ರಕ್ತನಾಳ ತೆರೆದು ಸ್ಟೆಂಟ್ ಹಾಕಿದರು. ಹೃದಯ ತುಂಬಾ ಸೋತಿದೆ, ಇನ್ನೂ ಏನೂ ಹೇಳಲಾಗದು ಎಂದರು. ಮರುದಿನ ಸಂಜೆ ಒಬ್ಬರಿಗೆ ಮಾತ್ರ ಒಳಗೆ ಹೋಗಲು ಬಿಟ್ಟರು. ನಾನು ಹೋದೆ. ಅಪ್ಪನ ಕೊರಳಲ್ಲಿ ಕರಡಿಗೆ ಇರಲಿಲ್ಲ. ಮಣಿಕಟ್ಟಿಗೆ ಶಿವದಾರ ಸುತ್ತಿ, ಕರಡಿಗೆ ಇನ್ನೂ ಅಂಗೈಯಲ್ಲೇ ಇತ್ತು.

"ಇಂಟರ್‌ವ್ಯೂ ಏನಾಯ್ತು ಶೈಲು?"

ಅಷ್ಟು ಮಾತಿಗೇ ಅವರಿಗೆ ಉಸಿರು ಸಾಲಲಿಲ್ಲ. ಉತ್ತರ ಕೇಳಲು ತಲೆ ಎತ್ತಲು ನೋಡಿದರು. ಮಾನಿಟರಿನಲ್ಲಿ ಅಂಕಿ ಏರಿತು. ನಾನು ಹೆದರಿ, "ಸಿಕ್ತು ಅಪ್ಪ," ಎಂದುಬಿಟ್ಟೆ.

"ಸಿಕ್ತಾ? ನಾಡಿ ನೋಡ್ಸಿದ್ರಾ?"

"ಹೂಂ. ಬೆರಳಲ್ಲಿ ನೋಡ್ದೆ. ಸಿಕ್ತು."

"ಯಾವಾಗಿಂದ ಬರಕ್ಕೆ ಹೇಳಿದಾರೆ?"

"ಒಂದನೇ ತಾರೀಖಿಂದ."

ಅವರು ತಲೆಯನ್ನು ದಿಂಬಿಗೆ ಹಾಕಿ ಕಣ್ಣು ಮುಚ್ಚಿದರು. ಅಂಕಿ ಇಳಿಯಿತು. ಅದೇ ಹೊತ್ತಿಗೆ ಶರಣಪ್ಪ ಡ್ಯೂಟಿ ಮುಗಿಸಿಕೊಂಡು ಅಪ್ಪನನ್ನು ನೋಡಲು ಬಂದರು. ಅಪ್ಪ ಅವರಿಗೆ, "ನನ್ ಮಗಳಿಗೂ ನಿಮ್ ಕೆಲಸಾನೇ ಸಿಕ್ಕಿದೆ. ನಿನ್ನೆ ಇಂಟರ್‌ವ್ಯೂ ಇತ್ತು," ಎಂದರು.

ಶರಣಪ್ಪ ನನ್ನ ಕಡೆ ನೋಡಿದರು. ನಿನ್ನೆ ಆ ಹೊತ್ತಿಗೆ ನಾನು ಎಲ್ಲಿದ್ದೆ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. "ಚಲೋ ಆತ್ರಿ ಅಪ್ಪಾರ," ಎಂದರು. "ಇನ್ನ ನಮಗ ಕಾಂಪಿಟೇಶನ್ ಬಂತು."

ಅಪ್ಪ ಮೂರನೇ ದಿನ ಬೆಳಿಗ್ಗೆ ತೀರಿಕೊಂಡರು. ಎರಡನೇ ಸಲ ಹೃದಯ ನಿಂತಾಗ ಎಷ್ಟು ಮಾಡಿದರೂ ಮರಳಲಿಲ್ಲ. ಮಣ್ಣಿಗೆ ಇಡುವಾಗ ಸ್ವಾಮಿಗಳು ಲಿಂಗವನ್ನು ಅದೇ ಎಡ ಅಂಗೈಯಲ್ಲಿಟ್ಟರು. ಅಮ್ಮ ಆಗ ಅಳಲಿಲ್ಲ. ಆ ಬೆರಳುಗಳನ್ನೇ ನೋಡುತ್ತಾ ನಿಂತಿದ್ದಳು. ಮೊನ್ನೆಯ ಹಾಗೆ ಮತ್ತೆ ಬಿಗಿಯಾಗಬಹುದು ಎಂದು ಕಾಯುತ್ತಿದ್ದಳು ಎಂದು ಆಮೇಲೆ ನನಗೆ ಹೇಳಿದಳು. ಲಿಂಗ ಅಪ್ಪನ ಜೊತೆ ಹೋಯಿತು. ಖಾಲಿ ಕರಡಿಗೆ ಮನೆಗೆ ಬಂತು.

ನನ್ನ ಸುಳ್ಳೂ ಮನೆಗೆ ಬಂದಿತ್ತು. ಆ ರಾತ್ರಿ ಐ.ಸಿ.ಯು.ಗೆ ಅಮ್ಮನನ್ನು ಒಂದು ಗಳಿಗೆ ಬಿಟ್ಟಾಗ ಅಪ್ಪ ಅದನ್ನು ಅವಳಿಗೆ ಹೇಳಿದ್ದರು. ಅಮ್ಮ ಬಂದವರಿಗೆಲ್ಲ ಹೇಳಿದಳು. "ಮಗಳಿಗೆ ಕೆಲಸ ಸಿಕ್ಕಿದ್ದು ಕೇಳಿಸ್ಕೊಂಡೇ ಹೋದ್ರು. ಅದೊಂದು ಸಮಾಧಾನ." ಸುಶೀಲಾ ಆಂಟಿ ನನ್ನ ಕೈ ಹಿಡಿದು, "ಪುಣ್ಯ ಮಾಡಿದೀಯ ಕಣೆ," ಎಂದರು. ಅಮ್ಮನಿಗೆ ಇದ್ದ ಒಂದೇ ಸಮಾಧಾನವನ್ನು ನಾನು ಹೇಗೆ ಕಿತ್ತುಕೊಳ್ಳಲಿ?

ಹೀಗೆ ತಿಂಗಳ ಒಂದನೇ ತಾರೀಖು ಬಂತು. ಬೆಳಿಗ್ಗೆ ಏಳಕ್ಕೆ ಅಮ್ಮ ಅಪ್ಪನ ಊಟದ ಡಬ್ಬಿಗೆ ಚಿತ್ರಾನ್ನ ತುಂಬಿ ಮೇಜಿನ ಮೇಲಿಟ್ಟಿದ್ದಳು. "ಅಮ್ಮ, ಇನ್ನೊಂದು ವಾರ ಬಿಟ್ಟು..." ಎಂದೆ. "ಅವರಿಗೆ ಹೇಳಿದ ತಾರೀಖು. ತಪ್ಪಿಸಬೇಡ," ಎಂದಳು. ಖಾಲಿ ಕರಡಿಗೆಗೆ ನಮಸ್ಕಾರ ಮಾಡಿಸಿದಳು. ನಾನು ಡಬ್ಬಿ ಹಿಡಿದುಕೊಂಡು, ಇಲ್ಲದ ಕೆಲಸಕ್ಕೆ ಹೊರಟೆ.

ಬಸ್ಸು ಹತ್ತಿ ಬನಶಂಕರಿ ನಿಲ್ದಾಣದಲ್ಲಿ ಇಳಿದೆ. ಅಲ್ಲಿನ ಕಲ್ಲು ಬೆಂಚಿನ ಮೇಲೆ ಒಂದು ಗಂಟೆ ಕೂತಿದ್ದೆ. ಸಂಜೆಯವರೆಗೆ ಹೀಗೇ ಕೂತು ಮನೆಗೆ ಹೋಗಬಹುದು. ನಾಳೆ? ನಾಡಿದ್ದು? ಎದ್ದು ಆ ಆಸ್ಪತ್ರೆಯ ಕಡೆಗೇ ನಡೆದೆ. ಶರಣಪ್ಪ ಹೊರಗೆ ಆಂಬುಲೆನ್ಸ್ ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದರು. ನನ್ನ ಕೈಯ ಡಬ್ಬಿ ನೋಡಿ, "ಡ್ಯೂಟಿಗೆ ಹೊಂಟೀರೇನ್ರಿ ಅಕ್ಕಾರ? ಯಾವ ಆಸ್ಪತ್ರಿ?" ಎಂದರು. ಕೇಳುವಾಗಲೇ ಅವರಿಗೆ ಉತ್ತರ ಗೊತ್ತಿತ್ತು.

"ಸುಳ್ಳು ಹೇಳಿದ್ದೆ ಅಣ್ಣ," ಎಂದೆ. ಆ ಬೆಂಚಿನ ವಿಷಯವನ್ನೂ ಹೇಳಿದೆ. ಕೊನೆಗೆ ಯಾರಿಗೂ ಹೇಳದಿದ್ದನ್ನು ಹೇಳಿದೆ. "ಅವತ್ತು ಆಂಬು ಬ್ಯಾಗ್ ನನ್ ಪಕ್ಕದಲ್ಲೇ ಇತ್ತು. ನನಗೆ ಗೊತ್ತಿತ್ತು. ಕೈ ಏಳ್ಲಿಲ್ಲ. ನಾನು ಈ ಕೆಲಸಕ್ಕೆ ಆಗಲ್ಲ ಅನ್ಸುತ್ತೆ."

ಅವರು ಲೋಟದ ತಳದ ಚಹಾ ಚೆಲ್ಲಿದರು. "ನಮ್ಮವ್ವ ಊರಾಗ ಬಚ್ಚಲದಾಗ ಜಾರಿ ಬಿದ್ಲು. ಆಗ ನಂದು ಈ ಕೆಲಸದಾಗ ನಾಕ ವರ್ಷ ಸರ್ವಿಸ್. ಏನ್ ಮಾಡಿದೆ ಅಂತೀರಿ? ಟಾವೆಲ್ ಹಿಡಕೊಂಡು ಬಾಗಿಲದಾಗ ನಿಂತೆ. ಬಾಜೂಮನಿಯವ್ರು ಬಂದು ಎತ್ತಿದ್ರು. ನಮ್ಮವ್ವ ಇವತ್ತಿಗೂ ಅಂತಾಳ, ಊರ ಮಂದಿ ಎಬ್ಬಸ್ತಾನಂತ, ನನ್ನ ಎಬ್ಬಸ್ಲಿಲ್ಲ ಅಂತ." ಅವರು ನಕ್ಕರು. ನನಗೂ ನಗು ಬಂತು. ಅಪ್ಪ ಹೋದ ಮೇಲೆ ನಾನು ನಕ್ಕಿದ್ದು ಅದೇ ಮೊದಲು.

"ಬರ್ರಿ," ಎಂದು ಅವರು ನನ್ನನ್ನು ಒಳಗೆ ಕರೆದುಕೊಂಡು ಹೋಗಿ ವಾರ್ಡಿನ ಮುಖ್ಯಸ್ಥೆ ರತ್ನಮ್ಮ ಸಿಸ್ಟರ್ ಮುಂದೆ ನಿಲ್ಲಿಸಿದರು. ಅವರು ಕನ್ನಡಕದ ಮೇಲಿಂದ ನೋಡಿದರು.

"ಸರ್ಟಿಫಿಕೇಟ್ ತಂದಿದೀಯಾ?"

"ಇಲ್ಲ ಸಿಸ್ಟರ್."

"ಬಯೋಡೇಟಾ? ಫೋಟೊ?"

"ಇಲ್ಲ."

"ಮತ್ತೆ ಕೈಯಲ್ಲೇನು?"

"ಊಟದ ಡಬ್ಬಿ."

"ಇಪ್ಪತ್ತೆಂಟು ವರ್ಷದ ಸರ್ವಿಸಲ್ಲಿ ಇಂಟರ್‌ವ್ಯೂಗೆ ಚಿತ್ರಾನ್ನ ತಂದೋಳು ನೀನೇ ಕಣಮ್ಮ." ವಾಸನೆಯಲ್ಲೇ ಗೊತ್ತಾಗಿತ್ತು ಅವರಿಗೆ. "ಹೋಗಿ ಸರ್ಟಿಫಿಕೇಟ್ ತಗೊಂಡು ನಾಳೆ ಬಾ. ಮೂರು ದಿನ ಟ್ರಯಲ್ ನೋಡ್ತೀವಿ. ಕೈ ನಡುಗಿದ್ರೆ ಮನೆಗೆ."

ಮೊದಲ ಎರಡು ದಿನ ದೊಡ್ಡದೇನೂ ಬರಲಿಲ್ಲ. ನನ್ನ ಕೈ ನಡುಗುತ್ತಲೇ ಇತ್ತು. ಸಿಸ್ಟರ್ ನೋಡಿಯೂ ನೋಡದಂತೆ ಇದ್ದರು. ಮೂರನೇ ದಿನ ಹನ್ನೊಂದರ ಹೊತ್ತಿಗೆ ಗೊಟ್ಟಿಗೆರೆಯಿಂದ ಒಬ್ಬ ಹೆಂಗಸನ್ನು ಅವರ ಗಂಡ ಕಾರಿನಲ್ಲಿ ಕರೆತಂದರು. ಅಮ್ಮನ ವಯಸ್ಸು. ಎದೆನೋವು, ಬೆವರು. ನಾನು ಇ.ಸಿ.ಜಿ. ತೆಗೆಯಲು ಹೋದರೆ ಆಕೆ ತಾಳಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದರು.

"ಅವರು ಇರೋವಾಗ ತೆಗಿಯಲ್ಲ ನಾನು."

"ತೆಗಿಯೇ ಮಾರಾಯ್ತಿ," ಎಂದು ಗಂಡ ಗದರಿದರು. ಅವರ ದನಿ ಒಡೆದಿತ್ತು. "ನಾನೇನು ಎಲ್ಲಿಗೂ ಓಡಿಹೋಗಲ್ಲ. ಮೂವತ್ತು ವರ್ಷದಲ್ಲಿ ಹೋಗ್ದೋನು ಈಗ ಹೋಗ್ತೀನಾ?"

ನನಗೆ ಶರಣಪ್ಪ ಅಪ್ಪನ ಕಡೆ ಬಗ್ಗಿದ ರೀತಿ ಕಣ್ಣ ಮುಂದೆ ಬಂತು. ನಾನೂ ಬಗ್ಗಿದೆ. "ತೆಗಿಯಲ್ಲಮ್ಮ. ಭುಜದ ಮೇಲೆ ಹಾಕಿ ಟೇಪ್ ಅಂಟಿಸ್ತೀನಿ. ಕೊರಳಲ್ಲೇ ಇರುತ್ತೆ. ಬೇಕಾದ್ರೆ ಮುಟ್ಟಿ ನೋಡ್ಕೋಬಹುದು." ಆಕೆ ಮುಷ್ಟಿ ಬಿಟ್ಟರು. ಸರವನ್ನು ಭುಜಕ್ಕೆ ತಂದು ಅಂಟಿಸಿದೆ. ಎದೆ ಒರೆಸಿ ಸ್ಟಿಕರ್ ಹಚ್ಚಿದೆ. ಗೆರೆ ಬರತೊಡಗಿತು.

ಒಂದೆರಡು ನಿಮಿಷ ಕಳೆದಿರಬೇಕು. ಆಕೆ ಏನೋ ಹೇಳಲು ಬಾಯಿ ತೆರೆದರು. ಮಾತು ಬರಲಿಲ್ಲ. ಕಣ್ಣು ಮೇಲಕ್ಕೆ ಹೋಯಿತು. ಮಾನಿಟರಿನಲ್ಲಿ ಅದೇ ಹುಚ್ಚು ಗೆರೆ.

ನೋಡುವಷ್ಟರಲ್ಲಿ ನಾನು ಮಂಚದ ಪಕ್ಕದ ಮೆಟ್ಟಿಲಿನ ಮೇಲೆ ನಿಂತಿದ್ದೆ. ನನ್ನ ಎರಡೂ ಅಂಗೈ ಆಕೆಯ ಎದೆಯ ಮೇಲಿದ್ದವು. ಒತ್ತುತ್ತಿದ್ದೆ. ಬಾಯಿ ತಾನಾಗಿ ಎಣಿಸುತ್ತಿತ್ತು. "ಜೋರಾಗಿ ಒತ್ತು, ಎದೆ ಪೂರ್ತಿ ಮೇಲೆ ಬರ್ಲಿ," ಎಂದು ರತ್ನಮ್ಮ ಸಿಸ್ಟರ್ ನನ್ನ ಕಿವಿಯ ಪಕ್ಕ ಹೇಳುತ್ತಿದ್ದರು. ಶರಣಪ್ಪ ಆಂಬು ಬ್ಯಾಗ್ ಹಿಡಿದಿದ್ದರು. ಡಾಕ್ಟರು ಸರಿಯಲು ಹೇಳಿದಾಗ ಸರಿದೆ. ಶಾಕ್. ಮತ್ತೆ ಒತ್ತಿದೆ. ತೋಳು ಉರಿಯುತ್ತಿತ್ತು. ಕೈ ನಡುಗುತ್ತಿದೆಯೇ ಎಂದು ನೋಡಲು ನನಗೆ ಬಿಡುವೇ ಇರಲಿಲ್ಲ.

"ನಿಲ್ಲಿಸು. ಪಲ್ಸ್ ನೋಡು," ಎಂದರು ಡಾಕ್ಟರು. ನನಗೇ ಹೇಳಿದರು.

ಆಕೆಯ ಕತ್ತಿನ ಪಕ್ಕ ಎರಡು ಬೆರಳಿಟ್ಟೆ. ಏನೂ ಇಲ್ಲ. ಎರಡನೆಯ ಇಂಟರ್‌ವ್ಯೂನಲ್ಲಿ ಇದೇ ಹೊತ್ತಿಗೆ ನಾನು ಗಾಬರಿಯಾಗಿ ಬೆರಳನ್ನು ಅಲ್ಲಿ ಇಲ್ಲಿ ಸರಿಸಿದ್ದೆ. ಈಗ ಸರಿಸಲಿಲ್ಲ. ಕಣ್ಣು ಮುಚ್ಚಿದೆ. ಬೆರಳಿಟ್ಟು ಸುಮ್ಮನಿದ್ದೆ.

ಬಂತು. ಮೊದಲು ಇದೆಯೋ ಇಲ್ಲವೋ ಎನ್ನುವಷ್ಟು. ಆಮೇಲೆ ಒಂದು ಸ್ಪಷ್ಟ ತಟ್ಟು. ಮತ್ತೊಂದು. ಆ ಚರ್ಮದ ಕೆಳಗಿಂದ, ಬೇರೊಬ್ಬರ ಜೀವ, ತಾನಾಗಿ ಬಂದು ಬೆರಳಿಗೆ ತಗಲುತ್ತಿತ್ತು. ನಾನು ಆ ತನಕ ದೇವಸ್ಥಾನಗಳಿಗೆ ಹೋಗಿದ್ದೇನೆ, ಕೈ ಮುಗಿದಿದ್ದೇನೆ. ಮೈ ಹಾಗೆ ಜುಮ್ಮೆಂದದ್ದು ಅದೊಂದೇ ಸಲ. "ಇದೆ," ಎಂದೆ. ದನಿ ಹೊರಡಲಿಲ್ಲ. ಇನ್ನೊಮ್ಮೆ ಹೇಳಿದೆ. "ಇದೆ ಸಾರ್, ಪಲ್ಸ್ ಇದೆ."

ಸ್ವಲ್ಪ ಹೊತ್ತಿಗೆ ಆಕೆಯ ಬಲಗೈ ಮೆಲ್ಲಗೆ ಎದ್ದು ಭುಜದ ಮೇಲೆ ತಡಕಾಡಿತು. ಟೇಪಿನ ಕೆಳಗೆ ತಾಳಿ ಸಿಕ್ಕಿತು. ಕೈ ಅಲ್ಲೇ ನಿಂತಿತು. ಪರದೆಯ ಹೊರಗಿದ್ದ ಗಂಡನಿಗೆ ಇದನ್ನು ಹೇಳಲು ನಾನೇ ಹೋದೆ. "ಮೊದಲು ನಿಮ್ಮ ತಾಳೀನೇ ಹುಡುಕಿದ್ರು ಸಾರ್," ಎಂದೆ. ಆ ದೊಡ್ಡ ಮನುಷ್ಯ ಗೋಡೆಗೆ ಮುಖ ಮಾಡಿ ನಿಂತುಬಿಟ್ಟರು. ಆಕೆ ಹತ್ತು ದಿನದ ಮೇಲೆ ನಡೆದುಕೊಂಡು ಮನೆಗೆ ಹೋದರು.

ಮಧ್ಯಾಹ್ನ ರತ್ನಮ್ಮ ಸಿಸ್ಟರ್ ಒಂದು ಫಾರಂ ಕೊಟ್ಟು, "ಸೈನ್ ಹಾಕು. ನಾಳೆಯಿಂದ ಎಂಟಕ್ಕೆ ಡ್ಯೂಟಿ. ಡಬ್ಬೀಲಿ ಏನಿದೆ ಇವತ್ತು?" ಎಂದರು. ಸೈನ್ ಹಾಕುವಾಗ ನೋಡಿದೆ. ಈಗ ನನ್ನ ಕೈ ಜೋರಾಗಿ ನಡುಗುತ್ತಿತ್ತು. "ಎಲ್ಲಾರಿಗೂ ಆಮ್ಯಾಲೇ ನಡುಗತೈತ್ರಿ," ಎಂದರು ಶರಣಪ್ಪ. ಅವರು ತಮ್ಮ ಕೈಯನ್ನೂ ಚಾಚಿ ತೋರಿಸಿದರು.

ಸಂಜೆ ಮಿಲ್ಲಿಗೆ ಹೋದೆ. ಚಿಕ್ಕಪ್ಪ ಮತ್ತು ಅಮ್ಮ ಅದನ್ನು ಮತ್ತೆ ತೆರೆದಿದ್ದರು. ಚಿಕ್ಕಪ್ಪ ಇಲ್ಲದ ಹೊತ್ತು ನೋಡಿ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅಪ್ಪನಿಗೆ ಹೇಳಿದ್ದು ಸುಳ್ಳು, ಕೆಲಸ ಸಿಕ್ಕಿದ್ದು ಇವತ್ತು ಎಂದೆ. ಅಮ್ಮ ಚೀಲದ ಬಾಯಿ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದಳು.

"ಹಿಟ್ಟು ಮುಟ್ಟಿದ್ರೆ ಯಾರ ಮನೆ ರಾಗಿ ಅಂತ ಹೇಳ್ತಿದ್ದೋರು," ಎಂದಳು ಕೊನೆಗೆ. "ನೀನು ಸುಳ್ಳು ಹೇಳ್ತಿದೀಯ ಅಂತ ಅವರಿಗೆ ಗೊತ್ತಾಗದೇ ಇರುತ್ತಾ?"

"ಗೊತ್ತಾಗಿತ್ತು ಅಂತೀಯಾ?"

"ನನಗೇನ್ ಗೊತ್ತು," ಎಂದಳು ಅಮ್ಮ. ಅವಳ ಕಣ್ಣು ತುಂಬಿತ್ತು. "ತಾರೀಖು ಕೇಳಿದ್ದು ಅವರೇ ಅಲ್ವಾ? ಆ ತಾರೀಖಿಗೇ ತಾನೇ ನೀನು ಹೊರಟಿದ್ದು."

ಈಗ ನನಗೆ ಆ ವಾರ್ಡಿನಲ್ಲಿ ಎರಡು ವರ್ಷವಾಗುತ್ತಾ ಬಂದಿದೆ. ಎಷ್ಟೋ ಜನ ಬಂದಿದ್ದಾರೆ. ಕೆಲವರು ಮರಳಿದ್ದಾರೆ, ಹೆಚ್ಚಿನವರು 'ಇನ್ನಾ ಮುಗದಿಲ್ಲ' ಎಂದು ನಾವು ಎಷ್ಟು ಹೇಳಿದರೂ ಮರಳಿಲ್ಲ. ಲಿಂಗ, ತಾಳಿ, ತಾಯಿತ, ಶಿಲುಬೆ, ಜನಿವಾರ, ಏನೇ ಇರಲಿ, ನಾನು ಮೊದಲು ಬಗ್ಗಿ ಕೇಳುತ್ತೇನೆ. ಸಾಧ್ಯವಾದರೆ ಅವರ ಕೈಗೇ ಕೊಡುತ್ತೇನೆ. ನಿಂತ ಹೃದಯ ಮತ್ತೆ ಬೆರಳಿಗೆ ತಟ್ಟಿದಾಗ ಇವತ್ತಿಗೂ ನನ್ನ ದನಿ ಮೊದಲ ಸಲ ಹೊರಡುವುದಿಲ್ಲ. ಅಭ್ಯಾಸವಾಗುತ್ತದೆ ಎಂದಿದ್ದರು. ಆಗಿಲ್ಲ.

ಡ್ಯೂಟಿ ಮುಗಿಸಿ ಮನೆಗೆ ಬಂದಾಗ ಅಮ್ಮ, ಚಿಕ್ಕಪ್ಪ, ಸುಶೀಲಾ ಆಂಟಿ ಎಲ್ಲರೂ ಇವತ್ತು ಏನಾಯಿತು ಎಂದು ಕೇಳುತ್ತಾರೆ. ಎಲ್ಲರಿಗೂ ಹೇಳುತ್ತೇನೆ. ಅಪ್ಪನಿಗೆ ನಾನು ಹೇಳಿದ್ದು ಸುಳ್ಳು ಮಾತ್ರ. ಕೆಲಸ ನಿಜವಾಗಿ ಸಿಕ್ಕಿದ್ದನ್ನು ಹೇಳಲು ಅವರಿಲ್ಲ.